ಮುಖ್ಯ ಅತಿಥಿ

ವೇದಿಕೆಯ ಮೇಲೆ ತಂಗಿಗೆ ಮಾತು ಮರೆತುಹೋಗಿತ್ತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಯಾಗಿ ಕೂತಿದ್ದ ಅಕ್ಕನಿಗೆ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತಂಗಿ ಈಗ ಮಾಡುತ್ತಿದ್ದ ತಾಯಿಯ ಪಾತ್ರವನ್ನು ಇಪ್ಪತ್ತು ವರ್ಷ ಮಾಡಿದವಳು ಅವಳೇ.

ಅಕ್ಕನಿಗೆ ದೊಡ್ಡ ಪ್ರಶಸ್ತಿ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಕರೆದವರೆಲ್ಲ ಭಾಷಣ ಮಾಡಿಸಿ ಕಳಿಸಿದರೇ ಹೊರತು, ಬಣ್ಣ ಹಚ್ಚಲು ಯಾರೂ ಕರೆಯಲಿಲ್ಲ. ನಾಟಕ ಶುರುವಾಗುವ ಮುಂಚೆ ನಿರ್ದೇಶಕ ಕೈ ಹಿಸುಕಿಕೊಳ್ಳುತ್ತ ಹೇಳಿದ್ದ: "ನಿಮ್ಮಂಥೋರನ್ನ ದಿನಾ ತಾಲೀಮಿಗೆ ಬನ್ನಿ ಅಂತ ಹೇಗಮ್ಮಾ ಕರೆಯೋದು? ನಮಗೇ ಸಂಕೋಚ."

"ಒಂದ್ಸಲ ಕರೆದು ನೋಡ್ಬೇಕಿತ್ತು," ಎಂದಿದ್ದಳು ಅವಳು.

ಈಗ ಅವಳಿಗೇ ಅರಿವಿಲ್ಲದೆ ಮಾತು ಬಾಯಿಂದ ಜಾರಿತು: "ಕೈಕಾಲು ತೊಳ್ಕೊಂಡು ಬಾ, ಆಮೇಲೆ ಜಗಳ ಆಡು." ತಂಗಿ ಅದನ್ನು ತಟ್ಟನೆ ಎತ್ತಿಕೊಂಡಳು. ನಾಟಕ ಮುಂದೆ ಸಾಗಿತು. ಪಕ್ಕದಲ್ಲಿದ್ದ ಅಧ್ಯಕ್ಷರು ಮೆಲ್ಲಗೆ ನಕ್ಕು, "ನೀವು ಆರಾಮಾಗಿ ಕೂತು ನೋಡಿ ಮೇಡಂ," ಎಂದರು.

"ಕೂತೂ ಕೂತೂ ಸಾಕಾಗಿದೆ ಸ್ವಾಮಿ," ಎಂದು ಅವಳು ಎದ್ದಳು. ಪಕ್ಕದ ಬಾಗಿಲಿನಿಂದ ಪರದೆಯ ಹಿಂದೆ ಹೋದಳು. ಅಲ್ಲಿ ಮಾತು ನೆನಪಿಸಬೇಕಾದವನು ಪುಟ ಸಿಗದೆ ಬೆವರುತ್ತಿದ್ದ. ಅವನ ಕೈಯಿಂದ ಪುಸ್ತಕ ತೆಗೆದುಕೊಂಡು, "ಸ್ವಲ್ಪ ಜರುಗಪ್ಪ," ಎಂದಳು. "ಇಲ್ಲಿಂದ ಮುಂದಕ್ಕೆ ನಾನು ಹೇಳ್ಕೊಡ್ತೀನಿ."