ಅಂಗಡಿ ಮುಚ್ಚುವ ಮುಂಚಿನ ವಿಡಿಯೊ

“ಆ ಹೀರೋಯಿನ್ನು ನಗ್ತಾ ನಗ್ತಾ ಬಂದ್ರು, ನಗ್ತಾ ನಗ್ತಾ ಹೋದ್ರು ಅಂತ ಹೇಳು ಹುಲಿಗೆಮ್ಮ. ಅಷ್ಟು ಸಾಕು,” ಎಂದರು ಯಜಮಾನರು ಲಕ್ಷ್ಮೀಪತಿ.

ಹುಲಿಗೆಮ್ಮ ಸೀರೆ ಕೌಂಟರಿನ ಹಿಂದೆ ನಿಂತಿದ್ದಳು. ಎದುರಿಗೆ ಯಜಮಾನರ ಮಗಳು ಹಂಸಾ ಮೊಬೈಲ್ ಹಿಡಿದಿದ್ದಳು. ಲಕ್ಷ್ಮೀಪತಿಯವರ ಮೂರು ಜವಳಿ ಅಂಗಡಿಗಳಲ್ಲಿ ತರೀಕೆರೆಯದು ಕೊರೊನಾ ವರ್ಷವೇ ಬಾಗಿಲು ಹಾಕಿತ್ತು, ಅಜ್ಜಂಪುರದ್ದು ಹೋದ ವರ್ಷ. ಕಡೂರಿನ ಈ ಅಂಗಡಿಗೂ ಇನ್ನು ನಾಲ್ಕೇ ದಿನ. ಅಷ್ಟರೊಳಗೆ ಹಳೆಯ ನೆನಪುಗಳ ವಿಡಿಯೊ ಮಾಡಿ ಊರಿಗೆಲ್ಲ ಕಳಿಸಬೇಕೆಂದು ಅವರಿಗೆ ಆಸೆ. ನೆನಪೆಂದರೆ ಅವರಿಗೆ ಒಂದೇ: ಇಪ್ಪತ್ತೆರಡು ವರ್ಷದ ಹಿಂದೆ ಈ ಅಂಗಡಿಯ ಟೇಪು ಕತ್ತರಿಸಲು ಆ ಕಾಲದ ದೊಡ್ಡ ನಟಿಯೊಬ್ಬಳು ಬಂದಿದ್ದು. ಆವತ್ತು ಸಖರಾಯಪಟ್ಟಣ, ದೇವನೂರಿನಿಂದೆಲ್ಲ ಜನ ಬಂದು ಸೇರಿ, ರಸ್ತೆಯಲ್ಲಿ ಬಸ್ಸುಗಳೇ ನಿಂತುಹೋಗಿದ್ದವು.

ಆ ದಿನ ಇದ್ದ ಕೆಲಸದವರಲ್ಲಿ ಈಗ ಉಳಿದವಳು ಹುಲಿಗೆಮ್ಮ ಒಬ್ಬಳೇ. ಯಜಮಾನರು ಗಿರಾಕಿಗಳ ಮುಂದೆ ಆ ಕಥೆ ಹೇಳಿದಾಗಲೆಲ್ಲ ಅವಳು ತಲೆ ತಗ್ಗಿಸಿ ಸೀರೆ ಮಡಿಸುತ್ತಿದ್ದಳು. ಈಗ ಅದೇ ಸುಳ್ಳನ್ನು ತನ್ನ ಬಾಯಿಂದಲೇ ಹೇಳಿಸಲು ನಿಂತಿದ್ದರು.

“ಹೇಳಿ ಅಕ್ಕ,” ಎಂದಳು ಹಂಸಾ.

“ನಗ್ತಾ ಬಂದಿದ್ದು ದಿಟ ಕಣವ್ವ. ದೀಪ ಹಚ್ಚೋವಾಗ ಯಾರೋ ಅವರ ಮೈ ಮೇಲೆ ಕೈ ಹಾಕಿದ್ರು. ಹೊರಗಿನ ಜನ ಅಲ್ಲ, ಸ್ಟೇಜ್ ಮೇಲಿದ್ದೋರೇ. ಸೀರೆ ಗೋಡೌನಿಗೆ ಓಡಿಬಂದು ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ಬಿಟ್ರು.”

ಲಕ್ಷ್ಮೀಪತಿ ಮಧ್ಯೆ ಬಾಯಿ ಹಾಕಿದರು. ಇಂಥದ್ದೆಲ್ಲ ಬೇಡ, ಮತ್ತೆ ಮೊದಲಿಂದ ಶುರು ಮಾಡು ಎಂದರು. ಇಷ್ಟು ವರ್ಷ ಇಲ್ಲದ ಮಾತು ಈಗೆಲ್ಲಿಂದ ಬಂತು, ನಿಜವಾಗಿದ್ದರೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಗದರಿದರು.

“ಆವತ್ತೇ ಹೇಳಿದ್ದೆ. ನಿಮಗೇ ಹೇಳಿದ್ದೆ.” ಹುಲಿಗೆಮ್ಮ ಯಜಮಾನರ ಕಡೆ ತಿರುಗಿದಳು. “ಅವರೆಲ್ಲ ಸಿನಿಮಾದೋರು, ಅವರಿಗಿದು ಅಭ್ಯಾಸ, ಮುಖ ಒರೆಸಿ ಕರ್ಕೊಂಡು ಬಾ ಅಂದ್ರಿ.”

ಅವಳು ಹಾಗೇ ಮಾಡಿದ್ದಳು. ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವಾರವಾಗಿತ್ತು. ತನ್ನ ಸೆರಗಿನಿಂದಲೇ ಆಕೆಯ ಕಣ್ಣು ಒರೆಸಿ, ಪೌಡರ್ ಹಚ್ಚಿ, ಕೈ ಹಿಡಿದು ಮತ್ತೆ ಅದೇ ಸ್ಟೇಜಿನ ಹತ್ತಿರ ಕರೆತಂದಿದ್ದಳು. ಮೆಟ್ಟಿಲ ಬಳಿ ಆಕೆ ಕೈ ಬಿಡಲಿಲ್ಲ. ಹುಲಿಗೆಮ್ಮನೇ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಆಕೆಯನ್ನು ಮೇಲೆ ಕಳಿಸಿದ್ದಳು. ಯಜಮಾನರ ಮೇಲೆ ಎಷ್ಟು ಸಿಟ್ಟಿತ್ತೋ, ತನ್ನ ಆ ಕೈಯ ಮೇಲೂ ಅಷ್ಟೇ ಇತ್ತು.

“ಅದನ್ನ ಅಳಿಸ್ಬಿಡು,” ಎಂದರು ಲಕ್ಷ್ಮೀಪತಿ ಮಗಳಿಗೆ.

ಹಂಸಾ ಅಳಿಸಲಿಲ್ಲ. ಮೊಬೈಲನ್ನು ಹುಲಿಗೆಮ್ಮನ ಮುಖದಿಂದ ನಿಧಾನವಾಗಿ ಅಪ್ಪನ ಮುಖದ ಕಡೆಗೆ ತಿರುಗಿಸಿದಳು.

“ಅಪ್ಪಾ, ಆವತ್ತು ಸ್ಟೇಜ್ ಮೇಲೆ ಯಾರ್ಯಾರಿದ್ರು?”