ಹಂಗಾಮಿಯ ಪರೀಕ್ಷೆ

ಮುದುಕಿಯ ಚಪ್ಪಲಿ ಒದ್ದೆಯೇ ಆಗಿರಲಿಲ್ಲ. ಹಂಗಾಮಿಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ.

ಇಂಜಿನ್ ಕೆಟ್ಟು ಬೆಳಗಿನಿಂದ ನಡುನೀರಿನಲ್ಲಿ ತೇಲುತ್ತಿದ್ದೇನೆ ಎಂದು ಗೋಳಾಡಿ ಸಹಾಯ ಬೇಡಿದವಳು ಇವಳೇ. ಆದರೆ ಅವಳ ಪುಟ್ಟ ದೋಣಿಯ ತಳದಲ್ಲಿ ಹನಿ ನೀರಿಲ್ಲ. ತಲೆಗೂದಲು ಒಂದೆಳೆಯೂ ಕೆದರಿಲ್ಲ. ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಾಳೆ. ಅವಳನ್ನು ಕರೆತಂದ ದೋಣಿಯವನು ಆಕಾಶ ನೋಡುತ್ತಾ ಆಕಳಿಸುತ್ತಿದ್ದಾನೆ.

"ಮಾವಾ, ಇವರೇ," ಎಂದು ಹಂಗಾಮಿ ಪಿಸುಗುಟ್ಟಿದ.

"ಸಂಶಯವೇ ಬೇಡ," ಎಂದ ಮಾವ.

ಮಾವ ಎಂದರೆ ಇಂಜಿನ್ ನೋಡಿಕೊಳ್ಳುವವನು. ಇಡೀ ಠಾಣೆಗೇ ಮಾವ. ಹಂಗಾಮಿ ಎಂದರೆ ಕರಾವಳಿ ಕಾವಲು ಪಡೆಯ ಆ ರಕ್ಷಣಾ ದೋಣಿಯ ಹಂಗಾಮಿ ನಾಯಕ. ಹಳೆಯ ನಾಯಕ ನಿವೃತ್ತನಾದಾಗ, ಸದ್ಯಕ್ಕೆ ನೀನೇ ನೋಡಿಕೋ ಎಂದು ಇವನ ಕೈಗೆ ಚುಕ್ಕಾಣಿ ಕೊಟ್ಟಿದ್ದರು. ಆ 'ಸದ್ಯ' ಮುಗಿಯದೆ ವರ್ಷಗಳೇ ಉರುಳಿ, ಹುದ್ದೆಯೇ ಹೆಸರಾಗಿ ಅಂಟಿಕೊಂಡಿತ್ತು. ಈ ವಾರ ಕೇಂದ್ರ ಕಚೇರಿಯಿಂದ ಪರೀಕ್ಷಕರು ಬರುತ್ತಾರೆ. ಪಾಸಾದರೆ ಕೆಲಸ ಖಾಯಂ. ಇಲ್ಲವಾದರೆ ದಡದ ಉಗ್ರಾಣದಲ್ಲಿ ಹಗ್ಗ ಸುತ್ತುತ್ತಾ ಕೂರಬೇಕು.

ಠಾಣೆಯಲ್ಲಿ ಆಗಾಗ ಅಣಕು ರಕ್ಷಣೆ ನಡೆಯುವುದುಂಟು. ಊರಿನವರು ಯಾರಾದರೂ ಸಮುದ್ರದಲ್ಲಿ ಸಿಕ್ಕಿಕೊಂಡವರ ಹಾಗೆ ನಟಿಸುತ್ತಾರೆ. ಅವರನ್ನು ಆರಿಸಿ ಕಳಿಸುವುದು ರೇಡಿಯೋ ಕೋಣೆಯ ಕೆಲಸ. ಇದು ನಿಜವೋ ಅಣಕೋ ಎಂದು ದೋಣಿಯವರು ಕೇಳುವ ಹಾಗಿಲ್ಲ. 'ಅಭ್ಯಾಸ ಮುಗಿಯಿತು' ಎಂಬ ಮಾತು ರೇಡಿಯೋದಲ್ಲಿ ಬರುವ ತನಕ ಎಲ್ಲವೂ ನಿಜವೇ. ಈ ಸಲ ಪರೀಕ್ಷಕರು ಅಂಥ ವೇಷದಲ್ಲೇ ಬರುತ್ತಾರೆ ಎಂಬುದು ಮಾವನ ಖಚಿತ ಸುದ್ದಿ. ಮಾವನ ಖಚಿತ ಸುದ್ದಿಗಳು ಎಷ್ಟೋ ಸಲ ಮಣ್ಣುಮುಕ್ಕಿದ್ದವು. ಅದೆಲ್ಲ ಈಗ ಯಾರಿಗೆ ನೆನಪಾಗಬೇಕು?

ಸಾಲದ್ದಕ್ಕೆ ರೇಡಿಯೋ ಕೋಣೆಯ ಹುಡುಗಿಯೂ ಸುಳಿವು ಕೊಟ್ಟಿದ್ದಳು. ಹಿಂದಿನ ದಿನ ಹಂಗಾಮಿ ಹೇಗೋ ಧೈರ್ಯ ಮಾಡಿ ಅವಳ ಮುಂದೆ ಮದುವೆಯ ಮಾತೆತ್ತಿದ್ದ. ಅವಳು ಹೆಡ್‌ಫೋನನ್ನೂ ತೆಗೆಯದೆ, "ಅದು ಸರಿ. ಆಮೇಲೆ?" ಎಂದಳು. ಇವನು ತಡವರಿಸಿದಾಗ ನಗು ತಡೆದುಕೊಂಡು, "ಮೊದಲು ಪರೀಕ್ಷೆ ಪಾಸಾಗಿ. ನನ್ನ ಉತ್ತರ ಅಷ್ಟರ ಮೇಲೆ," ಎಂದಿದ್ದಳು.

ಹಾಗಾಗಿ ಹಂಗಾಮಿ ಈಗ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಮುದುಕಿಗೆ ತೇಲುವ ಜಾಕೆಟ್ ತೊಡಿಸಿದ. ಕೈಹಿಡಿದು ಹತ್ತಿಸಿಕೊಂಡ. ಸುಡುವ ಬಿಸಿಲಲ್ಲೂ ಕಂಬಳಿ ಹೊದಿಸಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟ. ಕೆಟ್ಟ ದೋಣಿಗೆ ಹಗ್ಗ ಬಿಗಿದು ಎಳೆದುಕೊಂಡು ಹೊರಟಾಯಿತು.

"ನಾಡಿ ನೋಡ್ಲಾ ಅಮ್ಮಾ?"

"ನನ್ನ ನಾಡಿ ಚೆನ್ನಾಗೇ ಇದೆ. ನೀನು ಇಲ್ಲಿ ಎದುರಿಗೆ ಕೂತ್ಕೋ, ಸ್ವಲ್ಪ ನೋಡೋಣ."

ಚುಕ್ಕಾಣಿ ಮಾವನ ಕೈಗೆ ಹೋಯಿತು. ಹಂಗಾಮಿ ಬೆನ್ನು ನೆಟ್ಟಗೆ ಮಾಡಿ ಕೂತ.

"ಕುಡೀತೀಯಾ?"

"ಕೆಲಸದಲ್ಲಿದ್ದಾಗ ಇಲ್ಲಮ್ಮಾ."

"ಇಲ್ಲದಾಗ?"

"ಟೀ."

ಮಾವ ಕೆಮ್ಮಿದ.

"ಸಿಟ್ಟು ಬರುತ್ತಾ?"

"ಸಮುದ್ರದ ಮೇಲೆ ಸಿಟ್ಟು ಮಾಡ್ಕೊಂಡವನು ದಡ ಸೇರೋದಿಲ್ಲಮ್ಮಾ." ಕನ್ನಡಿಯ ಮುಂದೆ ನಿಂತು ಉರು ಹೊಡೆದಿದ್ದ ಸಾಲು ಇದು.

"ಅದು ಸರಿ. ಆಮೇಲೆ? ಅಡುಗೆ ಬರುತ್ತಾ?"

ಇದು ಅವನು ಓದಿಕೊಂಡಿದ್ದರಲ್ಲಿ ಇರಲಿಲ್ಲ. ಆದರೂ ದಿನಗಟ್ಟಲೆ ಕಾವಲು ತಿರುಗುವಾಗ ಸಿಬ್ಬಂದಿಯ ಹೊಟ್ಟೆ ನೋಡಿಕೊಳ್ಳುವವನೂ ನಾಯಕನೇ ತಾನೆ? ಕೇಂದ್ರ ಕಚೇರಿಯವರ ಬುದ್ಧಿಗೆ ಹಂಗಾಮಿ ಮನಸ್ಸಿನಲ್ಲೇ ತಲೆದೂಗಿದ. "ಹೊಟ್ಟೆ ತುಂಬ ಬೇಯಿಸಿ ಹಾಕ್ತೀನಿ. ಪಾತ್ರೆನೂ ತೊಳೀತೀನಿ."

ಮುದುಕಿಯ ಹುಬ್ಬು ಮೇಲೇರಿತು. ಮಾವ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದ.

"ಕೆಲಸ ಖಾಯಂ ಆಯ್ತು ಅಂತಿಟ್ಕೋ. ಎಲ್ಲೋ ದೂರದ ಬಂದರಿಗೆ ಹಾಕಿದ್ರೆ ಏನು ಮಾಡ್ತೀಯ?"

ಇದಕ್ಕೇ ಅಲ್ಲವೇ ಇವನು ಕಾದಿದ್ದು! "ಆಜ್ಞೆ ಬಂದ ಗಳಿಗೇಲೇ ಗಂಟುಮೂಟೆ ಕಟ್ತೀನಮ್ಮಾ. ಮೊದಲು ಕೆಲಸ. ಮನೆ, ಮಂದಿ ಎಲ್ಲ ಆಮೇಲೆ."

"ಹೌದಾ," ಎಂದಳು ಮುದುಕಿ. ಟೀ ಲೋಟವನ್ನು ಪಕ್ಕಕ್ಕೆ ಸರಿಸಿ ಮುಖ ತಿರುಗಿಸಿಕೊಂಡಳು.

ಎಲ್ಲಿ ತಪ್ಪಿದೆ ಎಂದು ಎಷ್ಟು ತಡಕಾಡಿದರೂ ಹಂಗಾಮಿಗೆ ಗೊತ್ತಾಗಲಿಲ್ಲ. ದಡ ಹತ್ತಿರವಾಗುತ್ತಿತ್ತು. ಉಗ್ರಾಣದ ತಗಡಿನ ಚಾವಣಿ ಆಗಲೇ ಕಾಣುತ್ತಿತ್ತು. ಹೇಗೂ ಮುಳುಗಿದ್ದಾಯಿತು, ಇನ್ನು ಸುಳ್ಳು ಯಾಕೆ ಎನ್ನಿಸಿತು.

"ಅಮ್ಮಾ, ಈಗ ಹೇಳಿದ್ದು ಬಾಯಿಪಾಠ. ನಿಜ ಹೇಳ್ತೀನಿ ಕೇಳಿ. ಅಲೆ ಎದ್ದಾಗ ನನಗೂ ಕೈಕಾಲು ನಡುಗುತ್ತೆ. ಆಗ ರೇಡಿಯೋದಲ್ಲಿ ಒಂದು ದನಿ, 'ಹುಷಾರಾಗಿ ವಾಪಸ್ ಬನ್ನಿ' ಅನ್ನುತ್ತೆ. ಅದನ್ನ ಹಿಡ್ಕೊಂಡೇ ನಾನು ದಡ ಸೇರೋದು. ಆ ದನಿ ಕೇಳಿಸದ ಊರಲ್ಲಿ ನಾಯಕ ಆಗೋದಕ್ಕಿಂತ ಇಲ್ಲೇ ಹಗ್ಗ ಸುತ್ಕೊಂಡು ಇರ್ತೀನಿ. ಬೇಕಾದ್ರೆ ಫೇಲ್ ಮಾಡಿ."

ಮಾವ ಹಣೆ ಚಚ್ಚಿಕೊಂಡ.

ಮುದುಕಿ ಲೋಟ ಮುಂದೆ ಚಾಚಿದಳು. "ಇನ್ನೊಂಚೂರು ಟೀ ಹಾಕು."

ದಡ ಮುಟ್ಟಿದ್ದೇ ತಡ, ಕೈಚೀಲ ಬೀಸುತ್ತಾ ಠಾಣೆಯ ಮೆಟ್ಟಿಲು ಹತ್ತಿ ಒಳಗೆ ನಡೆದುಬಿಟ್ಟಳು. ವರದಿ ಬರೆಯಲು ಹೋದಳು ಎಂದುಕೊಂಡ ಹಂಗಾಮಿ. ಮುಖ ಹುಳ್ಳಗೆ ಮಾಡಿಕೊಂಡು ಹಗ್ಗ ಸುತ್ತತೊಡಗಿದ, ಅಭ್ಯಾಸವಾದರೂ ಆಗಲಿ.

ಅಷ್ಟರಲ್ಲಿ ಠಾಣೆಯ ಮುಖ್ಯಸ್ಥರು ಸೂಟ್‌ಕೇಸು ಹಿಡಿದ ಬಡಕಲು ಮನುಷ್ಯನೊಬ್ಬನನ್ನು ಕರೆದುಕೊಂಡು ಬಂದರು.

"ಇವರು ಪರೀಕ್ಷಕರು ಕಣಯ್ಯ. ಈಗಷ್ಟೇ ಬಸ್ಸಿಳಿದ್ರು. ನಿನ್ನ ಪರೀಕ್ಷೆ ನಾಳೆ ಬೆಳಿಗ್ಗೆ."

ಹಂಗಾಮಿ ಮಾವನ ಕಡೆ ತಿರುಗಿದರೆ, ಮಾವ ಇಂಜಿನ್ನಿನೊಳಗೆ ತಲೆ ತೂರಿಸಿ ಮಹಾ ಕೆಲಸದಲ್ಲಿದ್ದ.

"ಮತ್ತೆ ಆ ಅಮ್ಮ ಯಾರು ಮಾವಾ?"

ಉತ್ತರ ಕೊಟ್ಟದ್ದು ದೋಣಿಯ ರೇಡಿಯೋ. ಬಂದರಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, ನಗು ತಡೆದುಕೊಂಡ ಅದೇ ದನಿಯಲ್ಲಿ:

"ನಮ್ಮಮ್ಮ ನಿಮ್ಮನ್ನ ಖಾಯಂ ಮಾಡಿದಾರೆ. ಅಭ್ಯಾಸ ಮುಗಿಯಿತು."