ಕಡಲು ಬಾರದ ಊರು

ಬರಲಿರುವ ಮಳೆಗಾಲದಲ್ಲಿ ಕಡಲು ಯಾವ ಊರುಗಳನ್ನು ನುಂಗಲಿದೆ ಎಂದು ಸರ್ಕಾರ ಬಳಸುವ ತಂತ್ರಾಂಶವೊಂದು ಪ್ರತಿ ಬೇಸಿಗೆಯಲ್ಲೂ ಪಟ್ಟಿ ಕೊಡುತ್ತದೆ. ಹೆಸರು ಬಂದ ಊರನ್ನು ಖಾಲಿ ಮಾಡಿಸಿ ಮನೆಗಳನ್ನು ಕೆಡವುತ್ತಾರೆ. ಕಳೆದ ವರ್ಷ ಪಡುಮಟ್ಟುವಿನ ಹೆಸರು ಬಂದಿತ್ತು. ತಾಲ್ಲೂಕು ಕಚೇರಿಯಲ್ಲಿ ಆ ತಂತ್ರಾಂಶ ನಡೆಸುವ ಜಲಜಾಕ್ಷಿಯ ಸ್ವಂತ ಊರು ಅದು. ನೋಟಿಸ್ ಅಂಟಿಸಿದವಳೂ ಅವಳೇ. ಊರು ನೆಲಸಮವಾಯಿತು; ಕಡಲು ಮಾತ್ರ ಬರಲೇ ಇಲ್ಲ.

ಧಾರವಾಡದಲ್ಲಿ ನಡೆದ, ಆ ತಂತ್ರಾಂಶದ ಬಳಕೆದಾರರ ಸಮ್ಮೇಳನದಲ್ಲಿ ಅವಳು ಮೈಕ್ ಹಿಡಿದು ಇಷ್ಟನ್ನೂ ಹೇಳಿದಳು. ತಂತ್ರಾಂಶ ಬರೆದ ಬಸವಪ್ರಭು ವೇದಿಕೆಯಲ್ಲಿದ್ದರು.

"ಹೌದ್ರಿ ಮೇಡಂ, ಲೆಕ್ಕದೊಳಗ ಅಲೆಯ ಎತ್ತರ ಎರಡು ಸಲ ಕೂಡಿಬಿಟ್ಟಿತ್ತು. ಹೊಸ ಆವೃತ್ತಿಯೊಳಗ ಸರಿ ಮಾಡೇವಿ. ತಿಳಿಸಿದ್ದಕ್ಕ ಥ್ಯಾಂಕ್ಸ್."

ಚಪ್ಪಾಳೆಯಾಯಿತು. ಅಳು ಬರಬಹುದೆಂದು ಅವಳು ಕಾದಳು. ಬರಲಿಲ್ಲ.

ಊಟಕ್ಕೆ ಕೂತಾಗ ಕಾರವಾರದ ಕಡೆಯಿಂದ ಬಂದಿದ್ದ ಒಬ್ಬಳು ಪಕ್ಕಕ್ಕೆ ಬಂದಳು. ಅವಳದೂ ಅದೇ ಕೆಲಸ.

"ಅಕ್ಕಾ, ಹೊಸ ಆವೃತ್ತಿ ನಮಗಿನ್ನೂ ಬಂದಿಲ್ಲ. ಈ ಸಲದ ಪಟ್ಟಿಯನ್ನೂ ಹಳೆಯದರಲ್ಲೇ ತೆಗೆದಿದ್ದೇವೆ. ಸೋಮವಾರ ನಾಲ್ಕು ಊರಿಗೆ ಬುಲ್ಡೋಜರ್ ಹೋಗ್ತದೆ."

ಜಲಜಾಕ್ಷಿ ಕಲಸಿದ ಅನ್ನವನ್ನು ಬಿಟ್ಟು ಎದ್ದಳು. ಆಮೇಲೆ ಕೈ ತೊಳೆದು, ಅವಳನ್ನೂ ಕರೆದುಕೊಂಡು ಬಸವಪ್ರಭು ಎದುರು ಹೋಗಿ ನಿಂತಳು.

"ಹೊಸದನ್ನು ಈ ಪೆನ್‌ಡ್ರೈವ್‌ಗೆ ಹಾಕಿ ಕೊಡಿ ಸರ್."

"ಬಿಡುಗಡೆ ಮುಂದಿನ ತಿಂಗಳ ಅದ ಮೇಡಂ. ಅಲ್ಲೀತನಕ ಕೊಡಾಕ ಬರೂದಿಲ್ಲ."

"ಬುಲ್ಡೋಜರ್ ಬರುವುದು ಸೋಮವಾರ."

ಅವಳ ದನಿ ಏರಲಿಲ್ಲ. ಚಾಚಿದ ಕೈಯನ್ನೂ ಇಳಿಸಲಿಲ್ಲ. ಮಧ್ಯಾಹ್ನದ ಗೋಷ್ಠಿಗೆ ಬನ್ನಿ ಎಂದು ಒಳಗಿನಿಂದ ಎರಡು ಸಲ ಕರೆ ಬಂತು. ಬಸವಪ್ರಭು ಅತ್ತಿತ್ತ ನೋಡಿ, ಕೊನೆಗೆ ಅವಳ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡರು.